ತಯಾರಿಕಾ ವಿಧಾನಗಳನ್ನು ಎಲ್ಲಿಂದ ಕಲಿಯಲು ಶುರು ಮಾಡಬೇಕು?

ಪ್ರಶ್ನೆ: ನಾನು ಕಲಬುರಗಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೇ ಸೆಮಿಸ್ಟರ್ ಓದುತ್ತಿದ್ದೇನೆ. ಊರು ಸೇಡಂ ಕಡೆ. ಎರಕ, ಫೋರ್ಜಿಂಗ್, ವೆಲ್ಡಿಂಗ್, ಮಷಿನಿಂಗ್ ಎಲ್ಲದರ ವ್ಯಾಖ್ಯೆಗಳೂ ಬಾಯಿಪಾಠವಾಗಿವೆ, ಪರೀಕ್ಷೆಯಲ್ಲಿ ಅಂಕಗಳೂ ಬರುತ್ತವೆ. ಆದರೆ ಒಂದು ಬಿಡಿಭಾಗ ಕೈಗೆ ಕೊಟ್ಟು ಇದನ್ನು ಹೇಗೆ ಮಾಡಿದ್ದಾರೆ ಎಂದು ಕೇಳಿದರೆ ಏನೂ ತೋಚುವುದಿಲ್ಲ. ಲ್ಯಾಬಿನಲ್ಲಿ ಒಂದು ಲೇತ್ (ಲೋಹದ ತುಂಡನ್ನು ತಿರುಗಿಸುತ್ತ ಕೊರೆಯುವ ಯಂತ್ರ) ಸುತ್ತ ಇಡೀ ಬ್ಯಾಚ್ ನಿಲ್ಲುತ್ತದೆ. ನಮ್ಮ ಭಾಗದಲ್ಲಿ ಬೆಂಗಳೂರು, ಪುಣೆಯಲ್ಲಿರುವಷ್ಟು ಕಾರ್ಖಾನೆಗಳೂ ಇಲ್ಲ. ಯಾವುದರಿಂದ ಶುರು ಮಾಡಲಿ? ಈಗಲೇ ಸಿ.ಎನ್.ಸಿ. (ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ) ಕೋರ್ಸಿಗೆ ಸೇರುವುದು ಒಳ್ಳೆಯದೇ?

ಉತ್ತರ: ಸಿ.ಎನ್.ಸಿ. ಈಗಲೇ ಬೇಡ. ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸವೊಂದಿದೆ, ಅದಕ್ಕೆ ಹಣ ಬೇಕಿಲ್ಲ.

ಪಠ್ಯಕ್ರಮ ವಿಧಾನದಿಂದ ವಸ್ತುವಿನ ಕಡೆಗೆ ಹೋಗುತ್ತದೆ. ಎರಕ ಎಂದರೆ ಇದು, ಅದರ ಬಗೆಗಳು ಇಷ್ಟು, ಅನುಕೂಲಗಳು ಇವು, ಉದಾಹರಣೆ ಇದು ಎಂಬ ಕ್ರಮ. ನೀವು ಹಿಂದುಮುಂದಾಗಿ ಹೋಗಿ. ಒಂದು ವಸ್ತುವನ್ನು ಹಿಡಿದು, ಇದನ್ನು ಹೀಗೇ ಏಕೆ ಮಾಡಿದರು, ಬೇರೆ ರೀತಿಯಲ್ಲಿ ಏಕೆ ಮಾಡಲಿಲ್ಲ ಎಂದು ಕೇಳಿ. ಉತ್ತರ ಯಾವಾಗಲೂ ನಾಲ್ಕು ಸಂಗತಿಗಳಲ್ಲಿ ಎಲ್ಲೋ ಒಂದು ಕಡೆ ಸಿಗುತ್ತದೆ: ಆಕಾರ, ಲೋಹ, ಎಷ್ಟು ಸಂಖ್ಯೆಯಲ್ಲಿ ಬೇಕು, ಎಷ್ಟು ನಿಖರವಾಗಿರಬೇಕು. ಈ ಪ್ರಶ್ನೆ ಕೇಳುವ ಅಭ್ಯಾಸ ಬಂದರೆ ವ್ಯಾಖ್ಯೆಗಳು ತಮ್ಮಷ್ಟಕ್ಕೆ ಅರ್ಥ ಪಡೆಯುತ್ತವೆ.

ಕಾರ್ಖಾನೆಗಳಿಲ್ಲ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಕಲಬುರಗಿ ತೊಗರಿಯ ಕಣಜ, ಇಲ್ಲಿ ದಾಲ್ ಮಿಲ್ಲುಗಳಿಗೆ ಬರವಿಲ್ಲ. ಕಪನೂರು ಕೈಗಾರಿಕಾ ಪ್ರದೇಶದ ಕಡೆ ಹೋಗಿ ಯಾವುದಾದರೂ ದಾಲ್ ಮಿಲ್ಲಿನೊಳಗೆ ಅನುಮತಿ ಪಡೆದು ಅರ್ಧ ದಿನ ನಿಲ್ಲಿ. ನಿಮ್ಮ ಪಠ್ಯದ ಬಹುಪಾಲು ಅಧ್ಯಾಯಗಳು ಒಂದೇ ಸೂರಿನಡಿ ಸಿಗುತ್ತವೆ. ಬೆಲ್ಟ್ ಓಡುವ ಪುಲ್ಲಿ ಎರಕದ ಕಬ್ಬಿಣದ್ದು. ಅದನ್ನು ಹೊತ್ತ ಶಾಫ್ಟ್ ಲೇತ್‌ನಲ್ಲಿ ತಿರುಗಿಸಿದ್ದು. ಕಾಳನ್ನು ಮೇಲಕ್ಕೆ ಒಯ್ಯುವ ಎಲಿವೇಟರ್ ಬಕೆಟ್‌ಗಳು ತಗಡಿನವು. ಚೌಕಟ್ಟು ಆಂಗಲ್ ಮತ್ತು ಚಾನೆಲ್‌ಗಳನ್ನು ವೆಲ್ಡ್ ಮಾಡಿದ್ದು. ಸಿಪ್ಪೆ ಉಜ್ಜುವ ರೋಲರಿನ ಮೈಗೆ ಎಮರಿ ಹರಳುಗಳು ಅಂಟಿರುತ್ತವೆ, ಅಂದರೆ ಗ್ರೈಂಡಿಂಗ್ ಚಕ್ರದ ಪಾಠ ಅಲ್ಲೇ ಇದೆ.

ಮೊದಲು ಪುಲ್ಲಿಯನ್ನು ನೋಡಿ. ಗುಜರಿಗೆ ಹಾಕಿದ ಹಳೆಯದೊಂದು ಸಿಕ್ಕರೆ ಇನ್ನೂ ಒಳ್ಳೆಯದು. ಅರಗಳ ಮೈ ಒರಟಾಗಿದೆ, ಅಂಚಿನ ಹೊರಮೈ ಮತ್ತು ನಡುವಿನ ರಂಧ್ರ ಮಾತ್ರ ನುಣುಪಾಗಿವೆ. ಬೆಲ್ಟ್ ಮತ್ತು ಶಾಫ್ಟ್ ತಾಗುವ ಕಡೆ ಮಾತ್ರ ಮಷಿನಿಂಗಿಗೆ ಹಣ ಖರ್ಚು ಮಾಡಿದ್ದಾರೆ, ಉಳಿದ ಮೈಯನ್ನು ಮರಳಚ್ಚಿನಿಂದ ಬಂದ ಹಾಗೆಯೇ ಬಿಟ್ಟಿದ್ದಾರೆ. ಅಂಚಿನ ಒಳಮೈ ಮೇಲೆ ಬೆರಳಾಡಿಸಿ. ತುಸು ಇಳಿಜಾರು ತಿಳಿಯುತ್ತದೆ. ಅಚ್ಚು ಮೂಡಿಸಲು ಮರಳಿನಲ್ಲಿ ಹೂತ ಮಾದರಿಯನ್ನು ಮೇಲಕ್ಕೆತ್ತುವಾಗ ಅಚ್ಚಿನ ಗೋಡೆ ಒಡೆಯದಿರಲೆಂದು ಕೊಟ್ಟ ಓರೆ ಅದು. ಹುಡುಕಿದರೆ ಅಚ್ಚಿನ ಎರಡು ಭಾಗಗಳು ಸೇರಿದ ಗೆರೆಯೂ ಕಾಣಬಹುದು. ಎರಕದ ಕಬ್ಬಿಣ ಗಟ್ಟಿಯಾಗಿ ತಣಿಯುವಾಗ ಸುಮಾರು ಶೇ 1ರಷ್ಟು ಕುಗ್ಗುತ್ತದೆ. ಹಾಗಾಗಿ 300 ಮಿ.ಮೀ. ಪುಲ್ಲಿಗೆ ಮಾದರಿಯನ್ನು ಸುಮಾರು 303 ಮಿ.ಮೀ. ಇಟ್ಟು, ಅದರ ಮೇಲೆ ಮಷಿನಿಂಗಿಗೆ ಬೇಕಾದ ಲೋಹವನ್ನೂ ಕೂಡಿಸಬೇಕು. ಉಕ್ಕಾದರೆ ಕುಗ್ಗುವಿಕೆ ಇದರ ಎರಡರಷ್ಟು. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆಯುವ ಮಾದರಿಯ ಹೆಚ್ಚುವರಿ ಅಳತೆಗಳು ಇವೇ.

ನಂತರ ಒಂದು ಎಂ10, ಅಂದರೆ 10 ಮಿ.ಮೀ. ವ್ಯಾಸದ, ಬೋಲ್ಟ್ ತೆಗೆದುಕೊಳ್ಳಿ. ಅಂಗಡಿಯಲ್ಲಿ ಸಿಗುವ ಬೋಲ್ಟಿನ ತಲೆಯನ್ನು ತಣ್ಣನೆಯ ತಂತಿಯ ತುದಿಯನ್ನು ಡೈಯಲ್ಲಿ ಜಜ್ಜಿ ಮಾಡಿರುತ್ತಾರೆ, ಎಳೆಗಳನ್ನು (ಥ್ರೆಡ್) ಕತ್ತರಿಸದೆ ಎರಡು ಡೈಗಳ ನಡುವೆ ಉರುಳಿಸಿ ಮೂಡಿಸಿರುತ್ತಾರೆ. ಎಳೆಯಿಲ್ಲದ ಭಾಗವನ್ನು ವರ್ನಿಯರ್‌ನಲ್ಲಿ ಅಳೆಯಿರಿ. ಕೆಲವು ಬೋಲ್ಟ್‌ಗಳಲ್ಲಿ ಅದು 10ರ ಬದಲು ಸುಮಾರು 9 ಮಿ.ಮೀ. ಇರುತ್ತದೆ. ಲೇತ್‌ನಲ್ಲಿ ಎಳೆ ಕತ್ತರಿಸುವುದಾದರೆ 10 ಮಿ.ಮೀ. ಸರಳಿನಿಂದ ಶುರು ಮಾಡಬೇಕು. ಉರುಳಿಸುವಾಗ ತಗ್ಗಿನಿಂದ ಒತ್ತಲ್ಪಟ್ಟ ಲೋಹವೇ ಮೇಲೆದ್ದು 10 ಆಗುತ್ತದೆ. ಚೂರು ಹೋಗುವುದಿಲ್ಲ, ಲೋಹದ ನಾರು ತುಂಡಾಗುವುದಿಲ್ಲ, ಎಳೆಯ ಬುಡ ಗಟ್ಟಿಯಾಗುತ್ತದೆ. ಹಾಗಾದರೆ ಎಲ್ಲ ಬೋಲ್ಟನ್ನೂ ಹೀಗೇ ಏಕೆ ಮಾಡಬಾರದು? ಡೈಗಳಿಗೆ ತಗಲುವ ಖರ್ಚು ಲಕ್ಷಗಟ್ಟಲೆ ಬೋಲ್ಟ್‌ಗಳ ಮೇಲೆ ಹಂಚಿಹೋದರೆ ಮಾತ್ರ ಅದು ಅಗ್ಗ. ನಿಮಗೆ ಎರಡೇ ಬೇಕಿದ್ದರೆ ಲೇತೇ ಸರಿ.

ಈಗ ಶಾಫ್ಟ್. ಇದಕ್ಕೆ ಹೆಚ್ಚು ಹೊತ್ತು ಕೊಡುತ್ತೇನೆ. ಏಕೆಂದರೆ ಒಂದು ಶಾಫ್ಟನ್ನು ಮೊದಲಿನಿಂದ ಕೊನೆಯವರೆಗೆ ನೋಡಿದವನಿಗೆ ಮಷಿನಿಂಗಿನ ಅರ್ಧ ಪಾಠ ಮುಗಿದಂತೆ.

ಜರಡಿ ಯಂತ್ರದ ಒಂದು ಸಣ್ಣ ಶಾಫ್ಟ್ ಎಂದುಕೊಳ್ಳಿ. ಎರಡು ತುದಿಗಳಲ್ಲಿ 6205 ಸಂಖ್ಯೆಯ ಬೇರಿಂಗ್. ಅದರ ಒಳವ್ಯಾಸ 25, ಹೊರವ್ಯಾಸ 52, ಅಗಲ 15 ಮಿ.ಮೀ. ಬೇರಿಂಗ್ ಬಿಗಿಯಾಗಿ ಕೂರಬೇಕಾದ ಶಾಫ್ಟಿಗೆ ಸಾಮಾನ್ಯವಾಗಿ ಕೊಡುವ ಮಿತಿ, ಅಂದರೆ ಅಳತೆ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬ ಪ್ರಮಾಣಿತ ಗುರುತು, ಕೆ6. 25 ಮಿ.ಮೀ.ಗೆ ಅದರರ್ಥ 25.002ರಿಂದ 25.015. ಅಂದರೆ ವರ್ಕ್‌ಶಾಪಿನಲ್ಲಿ ಇದನ್ನು ಲೇತ್ ಮೇಲೆ ಮಾಡುವ ಟರ್ನರ್‌ಗೆ ಸಿಕ್ಕ ಜಾಗ ಒಂದು ಮಿಲಿಮೀಟರಿನ ಸಾವಿರದಲ್ಲಿ 13 ಪಾಲು. ವರ್ನಿಯರಿನ ಕನಿಷ್ಠ ಅಳತೆಯೇ 0.02, ಅದು ಇಲ್ಲಿ ಕೆಲಸಕ್ಕೆ ಬಾರದು, ಮೈಕ್ರೊಮೀಟರೇ ಬೇಕು ಎಂಬುದು ಇಲ್ಲಿಂದ ತಾನಾಗಿಯೇ ಹೊಳೆಯುತ್ತದೆ.

ಟರ್ನರ್ ಮೊದಲು ಎರಡೂ ತುದಿಗಳನ್ನು ಫೇಸ್ ಮಾಡಿ, ಅಂದರೆ ಮಟ್ಟಸವಾಗಿ ಕೊರೆದು, ಸೆಂಟರ್ ಡ್ರಿಲ್ ಹಾಕುತ್ತಾನೆ. ಆ ಪುಟ್ಟ ಶಂಕುವಿನಾಕಾರದ ತೂತುಗಳು ಏಕೆ ಎಂದು ಕೇಳಿ. ಲೇತ್‌ನ ಹಿಡಿಕೆಯಾದ ಮೂರು ದವಡೆಯ ಚಕ್‌ನಲ್ಲಿ ಜಾಬನ್ನು (ಕೊರೆಯುತ್ತಿರುವ ತುಂಡನ್ನು) ಬಿಚ್ಚಿ ತಿರುಗಿಸಿ ಮತ್ತೆ ಹಿಡಿದರೆ ಅಕ್ಷ ಸ್ವಲ್ಪವಾದರೂ ಸರಿಯುತ್ತದೆ. ಆಗ ಎರಡು ಬೇರಿಂಗ್ ಕೂರುವ ಜಾಗಗಳು ಒಂದೇ ಅಕ್ಷದಲ್ಲಿ ಇರುವುದಿಲ್ಲ, ಯಂತ್ರ ಕಂಪಿಸುತ್ತದೆ. ಆ ತೂತುಗಳಲ್ಲಿ ಕೂರುವ ಎರಡು ಮೊನೆಗಳ, ಅಂದರೆ ಸೆಂಟರುಗಳ, ನಡುವೆ ಹಿಡಿದರೆ ಎಷ್ಟು ಸಲ ಬಿಚ್ಚಿ ಕಟ್ಟಿದರೂ ಅಕ್ಷ ಅದೇ. ತರಗತಿಯಲ್ಲಿ ಆಧಾರಮೈ ಎಂದು ಹೇಳುವ ಸಂಗತಿಯ ಜೀವಾಳ ಇಷ್ಟೇ: ಯಾವುದನ್ನು ನೆಚ್ಚಿ ಉಳಿದೆಲ್ಲವನ್ನೂ ಅಳೆಯುತ್ತೀರಿ, ಅದನ್ನು ಮೊದಲು ಮಾಡಿ.

ಆಮೇಲೆ ವೇಗ. ಮೃದು ಉಕ್ಕನ್ನು ಹೈಸ್ಪೀಡ್ ಸ್ಟೀಲ್ ಟೂಲಿನಿಂದ ಕೊರೆಯುವಾಗ ನಿಮಿಷಕ್ಕೆ ಸುಮಾರು 30 ಮೀಟರ್ ಕತ್ತರಿಸುವ ವೇಗವಿದ್ದರೆ ಚೆನ್ನ. 25 ಮಿ.ಮೀ. ವ್ಯಾಸಕ್ಕೆ ಲೆಕ್ಕ ಹಾಕಿದರೆ 30 × 1000 ÷ (3.14 × 25), ಅಂದರೆ ನಿಮಿಷಕ್ಕೆ ಸುಮಾರು 380 ಸುತ್ತು. ಟರ್ನರ್ ಈ ಲೆಕ್ಕ ಬರೆಯುವುದಿಲ್ಲ, ಚೂರಿನ ಬಣ್ಣ ನೋಡಿ, ಸದ್ದು ಕೇಳಿ ಗೇರ್ ಬದಲಿಸುತ್ತಾನೆ. ನೀವು ಲೆಕ್ಕ ಹಾಕಿಕೊಂಡು ಹೋಗಿ, ಅವನ ಯಂತ್ರದ ಗೇರ್ ಫಲಕದ ಮೇಲೆ ಯಾವ ಸಂಖ್ಯೆ ಇದೆ ನೋಡಿ. ಎರಡೂ ಹತ್ತಿರವಿದ್ದರೆ ಸೂತ್ರದ ಮೇಲೆ ನಂಬಿಕೆ ಬರುತ್ತದೆ. ದೂರವಿದ್ದರೆ ಕಾರಣ ಕೇಳಿ: ಹಳೆಯ ಲೇತ್ ನಡುಗುತ್ತಿರಬಹುದು, ಟೂಲಿನ ತುದಿ ಕಾರ್ಬೈಡ್ ಇರಬಹುದು. ಆ ಉತ್ತರ ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ನೆನಪಿನಲ್ಲಿ ಉಳಿಯುತ್ತದೆ.

ಕೊನೆಯ ಕಟ್‌ಗೆ ಮುಂಚೆ ಒಳ್ಳೆಯ ಟರ್ನರ್ ಯಂತ್ರ ನಿಲ್ಲಿಸಿ ಸುಮ್ಮನೆ ಕಾಯುವುದನ್ನು ನೋಡುತ್ತೀರಿ. ಅದು ಸೋಮಾರಿತನವಲ್ಲ. ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಮೀಟರಿಗೆ ಸುಮಾರು 12 ಮೈಕ್ರಾನ್ (0.012 ಮಿ.ಮೀ.) ಹಿಗ್ಗುತ್ತದೆ. ಕೊರೆಯುವಾಗ ಶಾಫ್ಟ್ 40 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ 25 ಮಿ.ಮೀ. ವ್ಯಾಸ 0.012 ಮಿ.ಮೀ. ಹಿಗ್ಗಿರುತ್ತದೆ. ಬಿಸಿಯಲ್ಲಿ ಅಳೆದಾಗ 25.012 ಬಂದು ಎಲ್ಲ ಸರಿ ಅನ್ನಿಸುತ್ತದೆ. ತಣಿದ ಮೇಲೆ ಅದೇ ಶಾಫ್ಟ್ 25.000, ಮಿತಿಯಿಂದ ಹೊರಗೆ, ಬೇರಿಂಗಿಗೆ ಬೇಕಾದ ಬಿಗಿಯೇ ಹೋಯಿತು. ಇಡೀ ಮಿತಿಯೇ 0.013 ಎಂಬುದನ್ನು ನೆನಪಿಸಿಕೊಂಡರೆ ಆ ಕಾಯುವಿಕೆಯ ಬೆಲೆ ತಿಳಿಯುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ, ತಗಡಿನ ಶೆಡ್ಡಿನಡಿ, ಇದು ಇನ್ನೂ ಮುಖ್ಯ.

ಎರಕವನ್ನು ಕಣ್ಣಾರೆ ಕಾಣಲು ಬೀದರಿಗೆ ಹೋಗಿ. ದೊಡ್ಡ ಫೌಂಡ್ರಿಗಳಿಗೆ ಬೆಳಗಾವಿ, ಕೊಲ್ಲಾಪುರ ಹೆಸರಾಗಿವೆ ನಿಜ, ಆದರೆ ಕೈಗೆಟುಕುವ ದೂರದಲ್ಲಿ ಒಂದು ಸಣ್ಣ ಕುಲುಮೆಯ ಮುಂದೆ ಪೂರ್ತಿ ಸರಣಿಯನ್ನು ನೋಡಲು ಬಿದ್ರಿ ಕಾರ್ಯಾಗಾರಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. 2006ರಲ್ಲಿ ಭೌಗೋಳಿಕ ಸೂಚಿ ಪಡೆದ ಕಲೆ ಇದು. 2023ರಲ್ಲಿ ಬೀದರಿನ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ ಇದೇ ಕಲೆಗಾಗಿ ಪದ್ಮಶ್ರೀ ಬಂತು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದನ್ನು ಕರಕುಶಲ ಎಂದು ಬದಿಗಿಡುವುದು ನನಗೆ ನೋವಿನ ಸಂಗತಿ. ಬಹುಪಾಲು ಸತು, ಸ್ವಲ್ಪ ತಾಮ್ರ ಬೆರೆತ ಮಿಶ್ರಲೋಹ. ರಾಳ, ಹರಳೆಣ್ಣೆ ಬೆರೆಸಿದ ಮಣ್ಣಿನ ಅಚ್ಚು. ಹೊಯ್ದ ಮೇಲೆ ಮೈಯನ್ನು ಅರದಿಂದ (ಫೈಲ್) ಉಜ್ಜಿ ನುಣುಪು ಮಾಡುತ್ತಾರೆ. ಮೈಲುತುತ್ತದ ದ್ರಾವಣ ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿ ಚಿತ್ತಾರ ಬರೆಯುತ್ತಾರೆ. ಉಳಿಯಿಂದ ಕೊರೆದ ಗೀರಿನಲ್ಲಿ ಬೆಳ್ಳಿಯ ತಂತಿ, ತಗಡು ಕೂರಿಸಿ ತಟ್ಟುತ್ತಾರೆ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ದ್ರಾವಣದಲ್ಲಿ ಬಿಸಿ ಮಾಡಿದಾಗ ಲೋಹ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಎರಕ, ಫಿಟ್ಟಿಂಗ್, ಗುರುತು ಹಾಕುವುದು, ಕೆತ್ತನೆ, ಒತ್ತಿ ಕೂರಿಸುವುದು, ರಾಸಾಯನಿಕ ಮೈಲೇಪ: ಇಡೀ ತಯಾರಿಕಾ ಸರಪಳಿ ಇದೇ ತಾನೇ?

ಅಲ್ಲಿ ಕೇಳಬೇಕಾದ ಪ್ರಶ್ನೆ, ಸತುವೇ ಏಕೆ? ಸತು ಸುಮಾರು 420 ಡಿಗ್ರಿಯಲ್ಲಿ ಕರಗುತ್ತದೆ, ತಾಮ್ರಕ್ಕೆ 1085 ಬೇಕು, ಕಬ್ಬಿಣಕ್ಕೆ 1538. ಸಣ್ಣ ಕುಲುಮೆ ಸಾಕು, ಕರಗಿದ ಲೋಹ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ, ಕೈ ಉಳಿಗೆ ಬಗ್ಗುವಷ್ಟು ಮೆತ್ತಗಿರುತ್ತದೆ, ಮೇಲಾಗಿ ಆ ಕಪ್ಪು ಬಣ್ಣವನ್ನು ಹಿಡಿಯುವುದೂ ಅದೇ. ಮುಂದೊಂದು ದಿನ ಪ್ರೆಷರ್ ಡೈ ಕಾಸ್ಟಿಂಗಿನಲ್ಲಿ ಸತುವಿನ ಮಿಶ್ರಲೋಹಗಳನ್ನು ಏಕೆ ಅಷ್ಟು ಬಳಸುತ್ತಾರೆ ಎಂದು ಓದುವಾಗ ಈ ಉತ್ತರದ ಬಹುಭಾಗ ನಿಮ್ಮ ಬಳಿ ಇರುತ್ತದೆ.

ಫೋರ್ಜಿಂಗ್ ಮತ್ತು ಉಷ್ಣೋಪಚಾರಕ್ಕೆ ನಿಮ್ಮ ಊರಿನ ಕಮ್ಮಾರನ ಸಾಲೆಯೇ ಸಾಕು. ಮುಂಗಾರಿಗೆ ಮುಂಚೆ ಹೋಗಿ, ಕುಂಟೆ, ಕೂರಿಗೆ ತಾಳುಗಳು ರಿಪೇರಿಗೆ ಸಾಲುಗಟ್ಟಿ ಬಂದಿರುತ್ತವೆ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಬಡಿದು, ನೀರಿಗೋ ಎಣ್ಣೆಗೋ ಅದ್ದಿದರೆ ಗಡಸಾಗುತ್ತದೆ. ಅದೇ ಕೆಲಸವನ್ನು ಕಟ್ಟಡದ ಮಾಮೂಲಿ ಮೃದು ಉಕ್ಕಿನ ಮೇಲೆ ಮಾಡಿದರೆ ಹೇಳುವಷ್ಟು ಗಡಸಾಗುವುದಿಲ್ಲ, ಏಕೆಂದರೆ ಅದರಲ್ಲಿ ಇಂಗಾಲ ಸಾಲದು. ಅದ್ದಿದ ನಂತರ ಮತ್ತೆ ಹದವಾಗಿ ಕಾಯಿಸುವಾಗ ಉಜ್ಜಿದ ಮೈ ಮೇಲೆ ಹುಲ್ಲುಹಳದಿ, ಕಂದು, ನೀಲಿ ಬಣ್ಣಗಳು ಒಂದಾದ ಮೇಲೊಂದು ಓಡುತ್ತವೆ. ಹಳದಿ ಸುಮಾರು 230 ಡಿಗ್ರಿ, ನೀಲಿ ಸುಮಾರು 300. ಯಾವ ಬಣ್ಣಕ್ಕೆ ನಿಲ್ಲಿಸುತ್ತಾನೆ, ಏಕೆ ಎಂದು ಕೇಳಿ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ನಿಮ್ಮ ಸೇಡಂನಲ್ಲೇ ಇದೆ. ಸೇಡಂ, ವಾಡಿ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಬಳಿ ಸುಣ್ಣದ ಕಲ್ಲು ಒಡೆಯುವ ಕ್ರಷರ್‌ಗಳ ಸವೆದ ಹ್ಯಾಮರ್‌ಗಳನ್ನು ನೋಡಲು ಸಿಕ್ಕರೆ ಬಿಡಬೇಡಿ. ಇಂಥ ಹ್ಯಾಮರ್‌ಗಳಿಗೆ ಸುಮಾರು ಶೇ 12ರಷ್ಟು ಮ್ಯಾಂಗನೀಸ್ ಇರುವ ಉಕ್ಕನ್ನು ಬಳಸುವುದು ರೂಢಿ. ಅದನ್ನು ಸುಮಾರು 1050 ಡಿಗ್ರಿಗೆ ಕಾಯಿಸಿ ನೀರಿಗೆ ಅದ್ದಿದರೆ ಗಡಸಾಗುವುದಿಲ್ಲ, ಹೊಡೆತ ತಾಳುವ ಗುಣ ಬರುತ್ತದೆ. ಕಲ್ಲಿನ ಏಟು ಬಿದ್ದಷ್ಟೂ ಮೈ ಗಡಸಾಗುತ್ತದೆ, ಒಳಗೆ ಹಾಗೇ ಇರುತ್ತದೆ. ಡ್ರಿಲ್ ತಾಗಿಸಿದರೂ ಅದೇ ಆಗುವುದರಿಂದ ಅದನ್ನು ಕೊರೆಯುವುದು ಬಹಳ ಕಷ್ಟ. ಆದ್ದರಿಂದ ತೂತನ್ನು ಎರಕ ಹೊಯ್ಯುವಾಗಲೇ ಅಚ್ಚಿನೊಳಗೆ ಕೋರ್ (ತೂತಿನ ಜಾಗಕ್ಕೆ ಲೋಹ ಹರಿಯದಂತೆ ತಡೆಯುವ ತುಂಡು) ಇಟ್ಟು ಬಿಡಿಸುತ್ತಾರೆ. ಲೋಹವೇ ವಿಧಾನವನ್ನು ಆರಿಸಿತು.

ಯಾದಗಿರಿ ಜಿಲ್ಲೆಯ ಬಡಿಯಾಳ ಬಳಿ ರೈಲ್ವೆಯ ಬೋಗಿ ಚೌಕಟ್ಟು ತಯಾರಿಸುವ ಘಟಕವಿದೆ. ಇಲ್ಲಿ ಬೋಗಿ ಎಂದರೆ ಡಬ್ಬಿಯಲ್ಲ, ಅದರ ಕೆಳಗೆ ಚಕ್ರಗಳನ್ನು ಹಿಡಿದಿರುವ ಭಾಗ. ಕಾಲೇಜಿನ ಮೂಲಕ ಕೈಗಾರಿಕಾ ಭೇಟಿಗೆ ಅನುಮತಿ ಸಿಕ್ಕರೆ ಒಂದು ಪ್ರಶ್ನೆ ಸಿದ್ಧವಾಗಿರಲಿ. ನಮ್ಮ ಸರಕು ವ್ಯಾಗನ್ನುಗಳ ಕ್ಯಾಸ್ನಬ್ ಎಂಬ ಬಗೆಯ ಬೋಗಿಗಳು ಎರಕದ ಉಕ್ಕಿನವು, ಪ್ರಯಾಣಿಕರ ಡಬ್ಬಿಗಳ ಬೋಗಿಯ ಚೌಕಟ್ಟು ಫಲಕಗಳನ್ನು ವೆಲ್ಡ್ ಮಾಡಿದ್ದು. ಏಕೆ? ತೂಕ, ವೇಗ, ಪರೀಕ್ಷೆ, ದುರಸ್ತಿ ಈ ನಾಲ್ಕನ್ನೂ ಇಟ್ಟುಕೊಂಡು ಉತ್ತರವನ್ನು ನೀವೇ ಮೊದಲು ಬರೆದುಕೊಂಡು ಹೋಗಿ, ಅಲ್ಲಿಯವರ ಉತ್ತರದೊಂದಿಗೆ ಹೋಲಿಸಿ.

ವರ್ಕ್‌ಶಾಪಿಗೆ ಹೋಗುವ ರೀತಿಯ ಬಗ್ಗೆ ಸ್ವಲ್ಪ. ವಿಭಾಗದ ಮುಖ್ಯಸ್ಥರಿಂದ ಒಂದು ಪತ್ರ ಇರಲಿ. ತೊಗರಿ ಸುಗ್ಗಿಯ ಸಮಯದಲ್ಲಿ ಹೋಗಬೇಡಿ, ಆಗ ಮಿಲ್ಲಿನವರು ರಿಪೇರಿಗೆ ತಲೆಯ ಮೇಲೆ ನಿಂತಿರುತ್ತಾರೆ. ಮೊದಲ ದಿನವೇ ಯಂತ್ರ ಮುಟ್ಟಲು ಕೇಳಬೇಡಿ. ಜಾಬ್ ಎತ್ತಿ ಕೊಡಿ, ಬ್ರಶ್ಶಿನಿಂದ ಚೂರು ಗುಡಿಸಿ, ಡ್ರಾಯಿಂಗ್ ಓದಿ ಹೇಳಿ. ಡ್ರಾಯಿಂಗ್ ಓದುವ ಹುಡುಗ ಎಂದು ಗೊತ್ತಾದರೆ ನಿಮಗೆ ಮರ್ಯಾದೆ ತಾನಾಗಿ ಬರುತ್ತದೆ. ಅಲ್ಲಿ ಅಳತೆಗಳು ಇನ್ನೂ ಸೂತಿನಲ್ಲಿ ಓಡಾಡುತ್ತವೆ: ಒಂದು ಸೂತ್ ಎಂದರೆ ಇಂಚಿನ ಎಂಟನೇ ಒಂದು ಭಾಗ, 3.175 ಮಿ.ಮೀ. ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ, 0.0254 ಮಿ.ಮೀ. ಇವೆರಡು ಬಾಯಲ್ಲಿರಲಿ. ಐ.ಟಿ.ಐ.ಯಲ್ಲಿ ಎರಡು ವರ್ಷ ಟರ್ನರ್ ಅಥವಾ ಫಿಟ್ಟರ್ ಕಲಿತು ಬಂದವರನ್ನು ಗುರುಗಳೆಂದೇ ತಿಳಿಯಿರಿ. ಅವರ ಕೈಯಲ್ಲಿರುವುದು ನಿಮ್ಮ ನಾಲ್ಕು ವರ್ಷದ ಪದವಿಯಲ್ಲಿ ಸಿಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಹೊತ್ತನ್ನು ರಿಜೆಕ್ಟ್ ಆದ ಮಾಲಿನ ರಾಶಿಯ ಬಳಿ ಕಳೆಯಿರಿ. ಗಾಳಿಗುಳ್ಳೆ ಬಿದ್ದ ಎರಕ, ಎರಡು ಕಡೆಯಿಂದ ಹರಿದು ಬಂದ ಲೋಹ ಬೆಸೆಯದೆ ಉಳಿದ ಗೆರೆ, ವೆಲ್ಡ್ ಎಳೆದು ಬಾಗಿಸಿದ ಚೌಕಟ್ಟು, ಒಂದೇ ಕಟ್‌ನಲ್ಲಿ ಅಳತೆ ಮೀರಿದ ಬುಶ್. ಸರಿಯಾದ ಭಾಗ ತನ್ನ ಕಥೆಯನ್ನು ಮುಚ್ಚಿಡುತ್ತದೆ, ಕೆಟ್ಟದ್ದು ಹೇಳಿಬಿಡುತ್ತದೆ. ಒಂದು ನೋಟ್‌ಪುಸ್ತಕದಲ್ಲಿ ಪುಟಕ್ಕೊಂದು ಬಿಡಿಭಾಗ ಬರೆಯಿರಿ: ಯಾವ ಲೋಹ, ಯಾವ ರೂಪದಲ್ಲಿ ಬಂತು, ಮೊದಲು ಯಾವ ಮೈ ಮಾಡಿದರು, ಎಲ್ಲಿ ಕೆಟ್ಟಿತು. ಐ.ಐ.ಟಿ.ಗಳ ಪ್ರಾಧ್ಯಾಪಕರು ನಡೆಸುವ ಎನ್‌ಪಿಟೆಲ್ ಉಪನ್ಯಾಸಗಳು ಉಚಿತವಾಗಿ ಸಿಗುತ್ತವೆ, ಅವನ್ನು ಈ ಪುಟ ಬರೆದಾದ ಮೇಲೆ ನೋಡಿ. ಆಗ ಯಾವ ನಿಮಿಷದಲ್ಲಿ ನಿಲ್ಲಿಸಿ ಮತ್ತೆ ಕೇಳಬೇಕೆಂಬುದು ನಿಮಗೇ ತಿಳಿಯುತ್ತದೆ.

ಸುರಕ್ಷತೆಯ ವಿಷಯದಲ್ಲಿ ನನಗೆ ರಾಜಿಯಿಲ್ಲ. ಲೇತ್, ಡ್ರಿಲ್ ಬಳಿ ಕೈಗವಸು ಹಾಕಬೇಡಿ. ತಿರುಗುವ ಜಾಬ್ ಅದನ್ನು ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ತೋಳು ಮಡಚಿ, ದುಪಟ್ಟಾ ಅಥವಾ ಟವೆಲ್ ತೆಗೆದಿಡಿ. ಚಕ್ ಕೀಲಿಯಿಂದ ಕೈ ತೆಗೆಯುವ ಮುನ್ನ ಕೀಲಿಯನ್ನೇ ಚಕ್‌ನಿಂದ ತೆಗೆಯಿರಿ. ಉದ್ದನೆಯ ಚೂರನ್ನು ಬೆರಳಿನಿಂದ ಎಳೆಯಬೇಡಿ. ವೆಲ್ಡಿಂಗ್ ಬೆಳಕನ್ನು ಬರಿಗಣ್ಣಿನಿಂದ ನೋಡಿದರೆ ಆ ಕ್ಷಣ ಏನೂ ಆಗುವುದಿಲ್ಲ, ಕೆಲವು ಗಂಟೆಗಳ ನಂತರ ರಾತ್ರಿಯೆಲ್ಲ ಕಣ್ಣುರಿ. ಜಿ.ಐ. (ಸತು ಲೇಪಿಸಿದ) ತಗಡನ್ನು ಮುಚ್ಚಿದ ಜಾಗದಲ್ಲಿ ವೆಲ್ಡ್ ಮಾಡುವಾಗ ಏಳುವ ಬಿಳಿ ಹೊಗೆ ಸತುವಿನದು. ಅದನ್ನು ಕುಡಿದರೆ ಚಳಿಜ್ವರ ಬರುತ್ತದೆ. ಬೇಸಿಗೆ ಎಷ್ಟೇ ಸುಡಲಿ, ಚಪ್ಪಲಿಯಲ್ಲಿ ಯಂತ್ರದ ಮುಂದೆ ನಿಲ್ಲಬೇಡಿ.

ಇನ್ನು ಸಿ.ಎನ್.ಸಿ. ವಿಷಯ. ಅದು ಬೇರೆ ವಿಧಾನವಲ್ಲ, ಅದೇ ಟೂಲು, ಅದೇ ಲೋಹ, ಅದೇ ಬಿಸಿ. ಸಿ.ಎನ್.ಸಿ. ಲೇತ್‌ನಲ್ಲಿ ಜಿ96 ಎಂಬ ಆದೇಶವಿದೆ. ಮೇಲೆ ಹೇಳಿದ ಸೂತ್ರವನ್ನು ಯಂತ್ರವೇ ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ, ಟೂಲ್ ನಡುವಿನ ಕಡೆ ಸರಿದು ವ್ಯಾಸ ಕಡಿಮೆಯಾದಂತೆ ಸುತ್ತುಗಳನ್ನು ಹೆಚ್ಚಿಸುತ್ತದೆ. ವ್ಯಾಸ ಸೊನ್ನೆಯ ಹತ್ತಿರ ಬಂದಾಗ ಸೂತ್ರದ ಪ್ರಕಾರ ಸುತ್ತುಗಳು ಎಷ್ಟಾಗಬೇಕು? ಅನಂತ. ಆದ್ದರಿಂದಲೇ ಗರಿಷ್ಠ ಸುತ್ತಿಗೆ ಮಿತಿ ಹಾಕುವ ಆದೇಶವನ್ನು ಅದರ ಜೊತೆಗೇ ಬರೆಯಬೇಕು. ಸೂತ್ರವನ್ನು ಲೇತ್ ಮುಂದೆ ನಿಂತು ಅರ್ಥ ಮಾಡಿಕೊಂಡವನು ಈ ಮಿತಿಯನ್ನು ಮರೆಯುವುದಿಲ್ಲ. ಬಟನ್ ಒತ್ತುವುದನ್ನಷ್ಟೇ ಕಲಿತವನಿಗೆ ಇದು ಏಕಿದೆ ಎಂಬುದೇ ತಿಳಿಯುವುದಿಲ್ಲ. ಈ ವರ್ಷ ಶಾಫ್ಟ್, ಪುಲ್ಲಿ, ಬಿದ್ರಿ, ಕುಲುಮೆ ಇವುಗಳ ಹಿಂದೆ ಬೀಳಿ. ಐದನೇ ಸೆಮಿಸ್ಟರ್ ಮುಗಿದ ರಜೆಯಲ್ಲಿ ಕಲಬುರಗಿಯ ಜಿ.ಟಿ.ಟಿ.ಸಿ. (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಶಾಖೆಯಲ್ಲಿ ಅಲ್ಪಾವಧಿ ತರಬೇತಿಗಳು ಏನಿವೆ ಎಂದು ವಿಚಾರಿಸಿ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸಂಸ್ಥೆ ಅದು, ಟೂಲ್ ಮತ್ತು ಡೈ ತಯಾರಿಕೆಯೇ ಅದರ ಬುನಾದಿ. ಸೇರುವ ದಿನ ಆ ನೋಟ್‌ಪುಸ್ತಕವನ್ನೂ ಒಯ್ಯಿರಿ. ಶಾಫ್ಟಿನ ಪುಟ ತೆರೆದು, ಇದನ್ನು ಸಿ.ಎನ್.ಸಿ.ಯಲ್ಲಿ ಮಾಡುವುದಾದರೆ ಕ್ರಮದಲ್ಲಿ ಏನು ಬದಲಾಗುತ್ತದೆ ಎಂದು ತರಬೇತುದಾರರನ್ನು ಕೇಳಿ.